ಹೋಗಿ ಬರುವ ಸೇತುವೆ

ಬಹಳ ಹಿಂದೆ, ಹಕ್ಕಿಗಳು ಪ್ರಶ್ನೆ ಕೇಳಿದರೆ ಮನುಷ್ಯರು ನಿಂತು ಉತ್ತರ ಕೊಡುತ್ತಿದ್ದ ಕಾಲದಲ್ಲಿ, ನೇಸರನಾಡು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ಗಡಿಯಲ್ಲಿ ಬೆಳ್ಳಿಹೊಳೆ ಹರಿಯುತ್ತಿತ್ತು. ಹೊಳೆಯ ಮೇಲೆ ಏಳು ಕಮಾನುಗಳ ಕಲ್ಲಿನ ಸೇತುವೆ. ಕಮಾನಿಗೆ ಆ ಕಡೆಯವರು ಕಣ್ಣು ಎನ್ನುತ್ತಿದ್ದರು. ಆದ್ದರಿಂದ ಸೇತುವೆಯ ಪಕ್ಕದ ಊರಿಗೆ ಏಳುಕಣ್ಣೂರು ಎಂದು ಹೆಸರು.

ಆ ಊರಿನಲ್ಲಿ ಬಾಳವ್ವ ಎಂಬ ಬಳೆಗಾರ್ತಿ ಇದ್ದಳು. ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಈಚೆ ದಡದ ಬೀದಿಗಳನ್ನೂ ಆಚೆ ದಡದ ಬೀದಿಗಳನ್ನೂ ಸುತ್ತುವುದು ಅವಳ ಕಸುಬು. ಎಂಥ ಒರಟು ಕೈಯಾದರೂ ಅವಳು ಹಿಡಿದರೆ ಬಳೆ ನೋಯದಂತೆ ಏರುತ್ತಿತ್ತು. ತಂದೆ ತಾಯಿ ಇಲ್ಲದ ಅವಳಿಗೆ ತಂಗಿ ಈರವ್ವನೊಬ್ಬಳೇ ಬಳಗ.

ಬಳೆಗಾರರ ಮನೆತನದಲ್ಲಿ ಒಂದು ಕಟ್ಟುನಿಟ್ಟು ಉಂಟು. ಬಳೆ ಒಡೆಯಿತು ಎಂಬ ಅಶುಭದ ಮಾತನ್ನು ಅವರು ಬಾಯಲ್ಲಿ ತರುವುದಿಲ್ಲ. ಬಳೆ ಹೆಚ್ಚಿತು ಎನ್ನುತ್ತಾರೆ. ಬಾಳವ್ವ ಈ ಕಟ್ಟನ್ನು ಬಳೆಗಷ್ಟೇ ಇಟ್ಟುಕೊಂಡಿರಲಿಲ್ಲ. ಗಡಿಗೆ ಬಿದ್ದರೂ ಹೆಚ್ಚಿತು, ಚಪ್ಪಲಿಯ ಉಂಗುಷ್ಟ ಕಿತ್ತರೂ ಹೆಚ್ಚಿತು. ಗಾರೆ ಕೆಲಸದ ಬಸಲಿಂಗನಿಗೆ ಇದೊಂದು ತಮಾಷೆ.

"ಬಾಳವ್ವಾ, ನಮ್ಮಜ್ಜನ ಹಲ್ಲೆಲ್ಲ ಹೆಚ್ಚಿ ಹೆಚ್ಚಿ ಈಗ ಬಾಯಲ್ಲಿ ಒಂದೂ ಉಳಿದಿಲ್ಲ, ನೋಡು ಬಾ!"

"ನಿನಗೆ ಹಲ್ಲು ಇದ್ದೂ ಮಾತು ನೆಟ್ಟಗಿಲ್ಲವಲ್ಲ, ಬಸಲಿಂಗಣ್ಣ. ಅಜ್ಜನೇ ವಾಸಿ," ಎಂದು ಬಾಳವ್ವ ಮುಂದೆ ಹೋಗುತ್ತಿದ್ದಳು.

ಹೀಗಿರುವಾಗ ಯುದ್ಧ ಬಂದಿತು. ಹೊಳೆಯ ಆಚೆಗೆ ಕರಿಕಲ್ಲು ರಾಜ್ಯ. ಅಲ್ಲಿಯ ಅರಸನಿಗೆ ಈಚೆ ದಡದ ಹಸಿರು ಹೊಲಗಳ ಮೇಲೆ ಆಸೆ. ನೇಸರನಾಡಿನ ಅರಸರು ದಂಡು ಕಟ್ಟಿಕೊಂಡು ಮೂಡಣ ಬೆಟ್ಟಗಳಿಗೆ ಕಾಳಗಕ್ಕೆ ಹೋದರು. ಬಿಲ್ಲುಗಾರನಾಗಿದ್ದ ಈರವ್ವನ ಗಂಡನೂ ಹೋದ. ಹೋಗುವಾಗ ಈರವ್ವನ ಹೊಟ್ಟೆಯಲ್ಲಿ ಕೂಸು ಇತ್ತು.

ಊರಿನಲ್ಲಿ ಕಾವಲಿಲ್ಲದ ಹೊತ್ತು ನೋಡಿ ಕರಿಕಲ್ಲಿನ ಅರಸ ತನ್ನ ಮಂತ್ರವಾದಿಯನ್ನು ಕಳುಹಿಸಿದ. ಮಂತ್ರವಾದಿಯ ಹೆಸರು ಮುರುಕನಾಥ. ಅವನ ಗಡ್ಡ ಮೊಣಕಾಲಿನವರೆಗೆ ಇಳಿದಿತ್ತು. ಅದಕ್ಕೆ ಬಾಚಣಿಗೆ ತಾಗಿದ್ದೇ ಇಲ್ಲ. ಹೊಸ್ತಿಲಲ್ಲಿ ನಿಂತು ಕರೆದು ಒಳಗೆ ಬರುವುದು, ಹಿರಿಯರನ್ನು ಕಂಡರೆ ಕೈ ಮುಗಿಯುವುದು, ಇವು ಅವನಿಗೆ ಗೊತ್ತಿರಲಿಲ್ಲ. ಅವನು ನೇರವಾಗಿ ಊರ ಛತ್ರದ ಮಾಡಿನ ಮೇಲೆ ಹತ್ತಿ ನಿಂತ.

"ಏಳುಕಣ್ಣೂರಿನವರೇ ಕೇಳಿ! ಇಂದಿನಿಂದ ಈ ಮಣ್ಣಿನ ಮೇಲೆ ಆಡಿದ ಮಾತು ಆಡಿದಂತೆ ನಿಲ್ಲುತ್ತದೆ, ಆಡಿದವರು ಯಾರೇ ಆಗಿರಲಿ. ನಾನು ಮುರಿಯುತ್ತೇನೆ, ಮುರಿದು, ಏನಾಯಿತು ಎಂದು ಕೇಳುತ್ತೇನೆ. ಮುರಿಯಿತು ಎಂದಿರೋ, ಅದು ಮತ್ತೆ ಕೂಡುವುದಿಲ್ಲ. ಏನೂ ಆಗಿಲ್ಲ ಎಂದು ಸುಳ್ಳು ಹೇಳಿದಿರೋ, ಕಲ್ಲಾಗುತ್ತೀರಿ. ಸುಮ್ಮನೆ ಕುಳಿತರೆ ಒಪ್ಪಿದಂತೆ. ಊರು ಹಾಳಾಯಿತೆಂದು ನೀವೇ ಎದ್ದು ಹೋಗುವ ದಿನ ಈ ಊರು ನನ್ನದು!"

ಅವನು ಕೆಳಗೆ ಧುಮುಕಿ ಚಪ್ಪಾಳೆ ತಟ್ಟಿದ. ಆಕಾಶದಿಂದ ಕಬ್ಬಿಣದ ಕೊಕ್ಕಿನ ಹದ್ದು ಇಳಿಯಿತು. ಅದು ಕುಕ್ಕಿದಲ್ಲಿ ಛತ್ರ ಕುಸಿಯಿತು, ಕಾವಲುಗೋಪುರ ಉರುಳಿತು, ಬೀದಿಗೆ ಬೀದಿಯೇ ನೆಲಕ್ಕೆ ಬಿತ್ತು. ಆಮೇಲೆ ಹದ್ದು ರಾಶಿಯ ಮೇಲೆ ಕುಳಿತು, "ಏನಾಯಿತು?" ಎಂದು ಕೇಳಿತು.

ಗಾಬರಿಯಲ್ಲಿ ಯಾರು ಮಾತು ತೂಗಿ ಆಡುತ್ತಾರೆ? "ಅಯ್ಯೋ, ಛತ್ರ ಬಿತ್ತು! ಗೋಪುರ ಮುರಿಯಿತು! ಮನೆ ಒಡೆಯಿತು!" ಎಂದು ಜನ ಕೂಗಿಕೊಂಡರು. ಎಣ್ಣೆಗಾಣದ ಶಿವಪೂಜಪ್ಪ ಎಂಬ ಮುದುಕ ಮಾತ್ರ ಕೋಲೆತ್ತಿ, "ಏನೂ ಆಗಿಲ್ಲ, ನಡೆಯೋ ಆಚೆ!" ಎಂದ. ಎತ್ತಿದ ಕೋಲು ಎತ್ತಿದಂತೆಯೇ ಅವನು ಕಲ್ಲಾದ. ಅವನ ಹೆಂಡತಿ ಕಲ್ಲನ್ನೂ ಬಿಡಲಿಲ್ಲ, ದಿನಾ ಬಂದು ಅವನ ಮುಖ ಒರೆಸಿ, "ನಾಲಗೆ ಬಿಗಿಹಿಡಿಯಿರಿ ಎಂದು ಎಷ್ಟು ಸಲ ಹೇಳಿದ್ದೆ!" ಎಂದು ಬೈದು ಹೋಗುತ್ತಿದ್ದಳು.

ಜನ ಹುಣಸೆಯ ತೋಪಿನಲ್ಲಿ ಬೀಡುಬಿಟ್ಟರು. ಬಸಲಿಂಗ ಬಿದ್ದ ಮನೆಯ ಕಲ್ಲು ಜೋಡಿಸಲು ನೋಡಿದ. ಗಾರೆ ಕಲ್ಲಿನ ಮೇಲೆ ನಿಲ್ಲಲೇ ಇಲ್ಲ. ಕೆಸುವಿನ ಎಲೆಯ ಮೇಲಿನ ನೀರಿನಂತೆ ಜಾರಿತು. ಒಡೆಯಿತು ಎಂದ ಮಾತು ಹಾಗೆಯೇ ನಿಂತಿತ್ತು.

ಊರಿನ ಹಿರಿಯ ಪಟ್ಟಣಶೆಟ್ಟಿ ವೀರಭದ್ರಪ್ಪನವರು ಮರದ ಕೆಳಗೆ ಸಭೆ ಸೇರಿಸಿದರು. ಅವರ ಮನೆಯೊಂದು ಪುಣ್ಯಕ್ಕೆ ಉಳಿದಿತ್ತು.

"ಯುದ್ಧ ನಡೆಯುತ್ತಿರುವಾಗ ಕಟ್ಟುವುದು ಬುದ್ಧಿಯಲ್ಲ," ಎಂದರು ಶೆಟ್ಟರು. "ಕಟ್ಟಿದ್ದನ್ನು ಅವನು ಮತ್ತೆ ಕೆಡವುತ್ತಾನೆ. ಅರಸರು ಬರಲಿ. ಅವರೇ ಕಟ್ಟಿಸಿಕೊಡುತ್ತಾರೆ."

"ಹೌದು ಶೆಟ್ಟರೇ," ಎಂದಳು ಬಾಳವ್ವ. "ಈರವ್ವನ ಕೂಸಿಗೂ ತಾವೇ ಒಂದು ಮಾತು ಹೇಳಿಬಿಡಿ. ಅರಸರು ಬಂದ ಮೇಲೆ ಹುಟ್ಟಪ್ಪಾ ಎನ್ನಿ. ಹಿರಿಯರ ಮಾತು, ಕೇಳಿದರೂ ಕೇಳೀತು."

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಶೆಟ್ಟರು ಕೆಮ್ಮಿದರು.

"ಕಟ್ಟುವವರು ಯಾರು? ಕೂಲಿಗೆ ಆಳೆಲ್ಲಿ?" ಎಂದರು.

"ಮುಯ್ಯಾಳು ಇದೆಯಲ್ಲ," ಎಂದಳು ಬಾಳವ್ವ. "ಕಳೆ ಕೀಳಲು ಇವತ್ತು ನಾನು ನಿಮ್ಮ ಹೊಲಕ್ಕೆ ಬರುತ್ತೇನೆ, ನಾಳೆ ನೀವು ನನ್ನ ಹೊಲಕ್ಕೆ ಬರುತ್ತೀರಿ. ಹೊಲಕ್ಕೆ ಆಗುವ ಮುಯ್ಯಿ ಮನೆಗೆ ಏಕಾಗದು? ಊರೆಲ್ಲ ಸೇರಿ ಒಂದು ಮನೆ. ಅದಾದ ಮೇಲೆ ಊರೆಲ್ಲ ಸೇರಿ ಇನ್ನೊಂದು ಮನೆ."

ಅದು ಎಲ್ಲರಿಗೂ ಒಪ್ಪಿಗೆಯಾಯಿತು. ಆದರೆ ಮೊದಲು ಯಾರ ಮನೆ ಎಂಬಲ್ಲಿ ಜಗಳ ಹತ್ತಿತು. ಒಬ್ಬಳು ತನ್ನ ಅತ್ತೆಗೆ ಕಾಲು ನೋವು ಎಂದಳು; ಇನ್ನೊಬ್ಬ ತನ್ನ ಎತ್ತಿಗೆ ಶೀತ ಎಂದ. ಕೊನೆಗೆ ಬಸಲಿಂಗನೇ ಎದ್ದು, "ಹೊಟ್ಟೆಯಲ್ಲಿ ಕೂಸಿರುವವಳ ಮನೆ ಮೊದಲು. ಉಳಿದವರು ಬಾಯಿ ಮುಚ್ಚಿ ಕಲ್ಲು ಹೊರಿ," ಎಂದ. ಜಗಳ ನಿಂತಿತು.

ಹೊಸ ಕಲ್ಲು ಕಡಿದು ತಂದರು. ಹೊಸ ಪಾಯ ತೋಡಿದರು. ಹೆಂಗಸರು ಮಣ್ಣು ತುಳಿದರು, ಮುದುಕರು ಮೊಳೆ ನೆಟ್ಟಗೆ ಮಾಡಿದರು, ಮಕ್ಕಳು ಸಾಲಾಗಿ ನಿಂತು ಇಟ್ಟಿಗೆ ಕೈಯಿಂದ ಕೈಗೆ ದಾಟಿಸಿದರು. ಈರವ್ವನ ಮನೆಯ ಗೋಡೆ ಬಾಗಿಲಿನ ಎತ್ತರಕ್ಕೆ ಏರಿತು.

ಆಗ ಕಬ್ಬಿಣದ ಕೊಕ್ಕಿನ ಹದ್ದು ಮತ್ತೆ ಬಂದಿತು. ಒಂದು ಸಲ ಕುಕ್ಕಿತು. ಬೀದಿಯ ಕಡೆಯ ಗೋಡೆ ಧೊಪ್ಪನೆ ನೆಲಕ್ಕೆ ಬಂದಿತು. ಹದ್ದು ಅದರ ಮೇಲೆ ಕುಳಿತು, "ಏನಾಯಿತು?" ಎಂದಿತು.

ಒಡೆಯಿತು ಎನ್ನುವಂತಿಲ್ಲ, ಏನೂ ಆಗಿಲ್ಲ ಎನ್ನುವಂತಿಲ್ಲ, ಸುಮ್ಮನಿರುವಂತಿಲ್ಲ. ಬಾಳವ್ವ ಆಗಷ್ಟೇ ಗಂಜಿಯ ಕೊಡ ಹೊತ್ತು ಬರುತ್ತಿದ್ದಳು. ಅವಳು ಗೋಡೆಯನ್ನು ನೋಡಿದಳು, ತಲೆಯಾಡಿಸಿದಳು. ಯೋಚನೆ ಏನನ್ನೂ ಮಾಡದೆ, ಹುಟ್ಟಿದಾಗಿನಿಂದ ಆಡಿದ ಮಾತನ್ನೇ ಆಡಿದಳು.

"ಗೋಡೆ ಹೆಚ್ಚಿತು ಕಣಪ್ಪ."

ಎಲ್ಲರೂ ಅವಳ ಕಾಲನ್ನು ನೋಡಿದರು. ಕಾಲು ಕಾಲಾಗಿಯೇ ಇತ್ತು. ಏಕೆಂದರೆ ಅದು ಸುಳ್ಳಲ್ಲ. ತಲೆತಲಾಂತರದಿಂದ ಆ ಮಾತಿಗೆ ಅಲ್ಲಿ ಅದೇ ಅರ್ಥ.

ಹದ್ದು ಕತ್ತು ಓರೆ ಮಾಡಿತು. "ಕುಕ್ಕಿದವನು ನಾನು. ಕೊಕ್ಕಿನಲ್ಲಿ ಇನ್ನೂ ಮಣ್ಣಿದೆ. ಹೆಚ್ಚಿತು ಎಂದರೇನು?"

"ಹೆಚ್ಚಿತು ಎಂದರೆ ಹೆಚ್ಚಿತು. ಮೊದಲು ಒಂದೇ ಗೋಡೆ ಇತ್ತು. ಈಗ ಎಷ್ಟು ತುಂಡಿದೆ, ಎಣಿಸಿಕೋ."

ಹದ್ದು ಎಣಿಸಿತು. ಎಣಿಸಿದಷ್ಟೂ ಹೆಚ್ಚೇ ಆಯಿತು. ಬೇರೆ ದಾರಿ ಕಾಣದೆ ಹಾರಿಹೋಗಿ ಒಡೆಯನಿಗೆ, "ಸ್ವಾಮಿ, ಗೋಡೆ ಹೆಚ್ಚಿದೆ," ಎಂದು ವರದಿ ಒಪ್ಪಿಸಿತು. ಮುರುಕನಾಥನಿಗೆ ಕೋಪ ನೆತ್ತಿಗೇರಿತು. "ಕೆಡವಲು ಕಳುಹಿಸಿದರೆ ಹೆಚ್ಚಿಸಿ ಬಂದೆಯಾ?" ಎಂದು ಹದ್ದಿನ ಬಾಲದ ಗರಿಗಳನ್ನು ಕಿತ್ತು ಓಡಿಸಿದ.

ಇತ್ತ ಬಸಲಿಂಗ ಬಿದ್ದ ಕಲ್ಲಿಗೆ ಗಾರೆ ಹಚ್ಚಿ ನೋಡಿದ. ಗಾರೆ ಗಟ್ಟಿಯಾಗಿ ಕಚ್ಚಿಕೊಂಡಿತು! ಅವನು ಕರಣೆ ಕೆಳಗಿಟ್ಟು ಬಾಳವ್ವನ ಮುಂದೆ ಬಂದು ನಿಂತ.

"ತಾಯೀ, ಅಜ್ಜನ ಹಲ್ಲಿನ ಮಾತು ಹಿಂದಕ್ಕೆ ತೆಗೆದುಕೊಂಡೆ."

"ಹಲ್ಲು ಬಂದರೆ ಹೇಳು, ನೋಡಲು ಬರುತ್ತೇನೆ," ಎಂದಳು ಬಾಳವ್ವ.

ಸಂಜೆಯ ಹೊತ್ತಿಗೆ ಬಾಲವಿಲ್ಲದ ಹದ್ದು ಬಂದು ತೋಪಿನ ಅಂಚಿನಲ್ಲಿ ಮುದುಡಿ ಕುಳಿತಿತು. ಈರವ್ವ ಅದಕ್ಕೆ ಜೋಳದ ರೊಟ್ಟಿ ಮುರಿದು ಹಾಕಿದಳು. ಮರುದಿನದಿಂದ ಅದು ಯಾರೂ ಹೇಳದೆಯೇ ಕಲ್ಲಿನ ಗಣಿಯಿಂದ ಕಲ್ಲು ಎತ್ತಿ ತರತೊಡಗಿತು.

ಊರಿಗೆ ಊರೇ ನಾಲಗೆ ತಿದ್ದಿಕೊಂಡಿತು. ನಾಲಗೆಯನ್ನು ತಿದ್ದುವುದು ಗೋಡೆಯನ್ನು ತಿದ್ದುವುದಕ್ಕಿಂತ ಕಷ್ಟ. ಯಾರಾದರೂ "ಹಗ್ಗ ಹರಿ..." ಎಂದು ಬಾಯಿ ತೆರೆದರೆ ಸಾಕು, ಪಕ್ಕದವರು ಮೊಣಕೈಯಿಂದ ತಿವಿಯುತ್ತಿದ್ದರು.

ಒಂದಾದ ಮೇಲೊಂದು ಮನೆ ಎದ್ದಿತು. ಕೂಡಿ ದುಡಿಯುವವರಿಗೆ ಕೂಡಿ ಉಣ್ಣುವುದು ಅನುಕೂಲವೆಂದು ತೋಪಿನ ನಡುವೆ ಊರ ಒಲೆ ಹೂಡಿದರು. ಅದರ ಪಕ್ಕದಲ್ಲೇ ಸುಣ್ಣದ ಗೂಡು; ಸುಣ್ಣ ಬೇಯದೆ ಗಾರೆಯಿಲ್ಲ. ಒಲೆ, ಗೂಡು ಎರಡನ್ನೂ ಬಸಲಿಂಗನ ಹೆಂಡತಿ ಕೆಂಚವ್ವ ನೋಡಿಕೊಳ್ಳುತ್ತಿದ್ದಳು. ಸೌಟು ಹಿಡಿದ ಕೆಂಚವ್ವನ ಎದುರು ಶೆಟ್ಟರೂ ತಟ್ಟೆ ಹಿಡಿದು ಸಾಲಿನಲ್ಲಿಯೇ ನಿಲ್ಲಬೇಕಾಗಿತ್ತು.

ಮುರುಕನಾಥ ಎರಡನೆಯ ಪ್ರಾಣಿಯನ್ನು ಕಳುಹಿಸಿದ. ಅದು ಗುಡ್ಡದಷ್ಟು ಎತ್ತರದ ಕರಡಿ; ಅದರ ಉಸಿರು ಬಿರುಗಾಳಿ. ಕರಡಿ ಒಂದು ಸಲ ಊದಿತು. ಊರ ಒಲೆ ತಣ್ಣಗಾಯಿತು. ಸುಣ್ಣದ ಗೂಡು ಕಪ್ಪಾಯಿತು. ಮನೆಮನೆಯ ದೀಪಗಳೂ ಹೊಗೆಯಾದವು. ಕರಡಿ ಬಸಲಿಂಗನ ಮುಂದೆಯೇ ಬಂದು ಕುಳಿತಿತು.

"ಬೆಂಕಿ ಏನಾಯಿತು?"

ಬಾಳವ್ವ ಅಂದು ಕಲ್ಲಿನ ಗಣಿಯಲ್ಲಿದ್ದಳು. ಬಸಲಿಂಗ ಬೆವರಿದ. "ಬೆಂಕಿ... ಬೆಂಕಿ ಆ... ಆ..." ಆರಿತು ಎಂಬ ಮಾತು ತುದಿನಾಲಗೆಯವರೆಗೂ ಬಂದಿತು. ಕೆಂಚವ್ವ ಸೌಟಿನಿಂದ ಅವನ ಬೆನ್ನಿಗೆ ಒಂದು ಕೊಟ್ಟಳು.

"ಆ ಎಂದರೆ ಅವರಿಗೆ ಆಕಳಿಕೆ, ಕರಡಿಯಪ್ಪ. ನಾನು ಹೇಳುತ್ತೇನೆ ಕೇಳು. ಮಲಗುವ ಮುಂಚೆ ದೀಪವನ್ನು ಏನು ಮಾಡುತ್ತೇವೆ? ದೊಡ್ಡದು ಮಾಡುತ್ತೇವೆ. ನಮ್ಮ ಬೆಂಕಿಯೂ ಹಾಗೆಯೇ. ದೊಡ್ಡದಾಯಿತು."

ಕರಡಿ ಕಪ್ಪು ಒಲೆಯನ್ನು ನೋಡಿತು. ಕೆಂಚವ್ವನ ಕಾಲನ್ನು ನೋಡಿತು. ಕಾಲು ಕಲ್ಲಾಗಲಿಲ್ಲ. "ದೊಡ್ಡದಾಯಿತೆ? ಎಲ್ಲಿ?"

"ನೀನು ಊದಿದೆಯಲ್ಲ, ಇನ್ನೇನಾಗುತ್ತದೆ? ಊದಿದರೆ ಬೆಂಕಿ ದೊಡ್ಡದಾಗುವುದು ನಿನ್ನ ಕಡೆ ಇಲ್ಲವೇನು? ನಂಬಿಕೆ ಇಲ್ಲದಿದ್ದರೆ ಬೂದಿಯ ಹತ್ತಿರ ಬಾಗಿ ಮೆಲ್ಲಗೆ ಇನ್ನೊಂದು ಸಲ ಊದು."

ಕರಡಿ ಬಾಗಿ ಮೆಲ್ಲಗೆ ಊದಿತು. ಬೂದಿಯ ಒಳಗಿದ್ದ ಕೆಂಡ ಕಣ್ಣು ಬಿಟ್ಟಿತು. ಇನ್ನೊಮ್ಮೆ ಊದಿತು. ಒಲೆ ಧಗ್ಗನೆ ಹೊತ್ತಿತು. ಹುಟ್ಟಿದಾಗಿನಿಂದ ಬೆಂಕಿಯನ್ನು ಕೆಡಿಸುವುದನ್ನೇ ಕಲಿತಿದ್ದ ಕರಡಿಗೆ ತನ್ನ ಉಸಿರಿನಿಂದ ಇಂಥದ್ದೂ ಆಗುತ್ತದೆಂದು ಗೊತ್ತಿರಲಿಲ್ಲ. ಅದು ಬಾಯಿ ತೆರೆದು ಮಗುವಿನಂತೆ ನಕ್ಕಿತು. ಆಮೇಲೆ ಒಡೆಯನ ಬಳಿಗೆ ತಿರುಗಿ ಹೋಗಲೇ ಇಲ್ಲ. ಸುಣ್ಣದ ಗೂಡಿನ ಮುಂದೆ ಕುಳಿತು ತಿದಿಯಂತೆ ಊದುತ್ತ ಉಳಿಯಿತು. ಅಂಥ ಬಿಳಿ ಸುಣ್ಣವನ್ನು ಬಸಲಿಂಗ ಜೀವಮಾನದಲ್ಲಿ ಕಂಡಿರಲಿಲ್ಲ.

ಮೂರನೆಯ ಸಲ ಮುರುಕನಾಥನೇ ಬಂದ. ಬಂದವನು ಸೇತುವೆಯ ಮೇಲೆ ಬಲಗಾಲು ಎತ್ತಿ ಒಂದೇ ತುಳಿತ ತುಳಿದ. ಏಳು ಕಣ್ಣುಗಳೂ ಹೊಳೆಯ ಪಾಲಾದವು. ದಡದಲ್ಲಿ ಬಾಳವ್ವ ಮಲಾರ ಹೊತ್ತು ನಿಂತಿದ್ದಳು. ಆಚೆ ದಡದ ಹೆಂಗಸರಿಗೆ ಬಳೆ ತೊಡಿಸದೆ ಬಹಳ ದಿನವಾಗಿತ್ತು, ಆ ದಿನ ಹೊರಟಿದ್ದಳು.

"ಬಳೆಗಾರ್ತೀ! ಹೆಚ್ಚಿತು, ದೊಡ್ಡದಾಯಿತು, ಈ ಆಟ ಸಾಕು. ಆ ಎರಡು ಮಾತೂ ಇನ್ನು ನಡೆಯವು. ಹೇಳು, ಸೇತುವೆ ಎಲ್ಲಿ?"

ಬಾಳವ್ವ ಬರಿದಾದ ಹೊಳೆಯನ್ನು ನೋಡಿದಳು. ಹೋಯಿತು ಎಂದರೆ ಎಂದೆಂದಿಗೂ ಹೋದಂತೆಯೇ. ಆದರೆ ಮರ್ಯಾದಸ್ಥರ ಮನೆಯಲ್ಲಿ ಬರಿದೆ ಹೋಯಿತು ಎಂದು ಯಾರು ಹೇಳುತ್ತಾರೆ?

"ಹೋಗಿ ಬರುತ್ತದೆ," ಎಂದಳು.

"ಬರುತ್ತದೆಯೋ? ಯಾವಾಗ?"

"ಮೊದಲ ಮಳೆ ನೆಲಕ್ಕೆ ಬೀಳುವ ಮುಂಚೆ."

ಮುರುಕನಾಥ ಗಡ್ಡ ಕುಣಿಯುವಂತೆ ನಕ್ಕ. "ಮುಂಗಾರು ಬಾಗಿಲಿಗೆ ಬಂದಿದೆ. ಬರುವ ತನಕ ನಿನ್ನ ಮಾತು ಅರೆ ಸುಳ್ಳು. ಅರೆ ಸುಳ್ಳಿಗೆ ಅಷ್ಟಷ್ಟೇ ಕಲ್ಲಾಗು. ಪೂರ್ತಿ ಕಲ್ಲಾದೆಯೋ, ನೀನೂ ನನ್ನವಳು, ಊರೂ ನನ್ನದು!" ಹೀಗೆ ಹೇಳಿ ಅವನು ತನ್ನ ಬೆಟ್ಟ ಹತ್ತಿ ಮೋಡ ಕಾಯುತ್ತ ಕುಳಿತ.

ಬಾಳವ್ವ ಹೆಜ್ಜೆ ಎತ್ತಲು ನೋಡಿದಳು. ಪಾದಗಳು ನೆಲಕ್ಕೆ ಅಂಟಿದ್ದವು. ಕಾಲ್ಬೆರಳುಗಳು ಕಪ್ಪಗೆ ನುಣ್ಣಗೆ ಹೊಳೆಯುತ್ತಿದ್ದವು.

ಊರವರು ಓಡಿಬಂದರು. ಈರವ್ವ ಅಕ್ಕನ ಕೊರಳು ಹಿಡಿದುಕೊಂಡು ಅತ್ತಳು. "ಅಕ್ಕಾ, ಇಷ್ಟು ದೊಡ್ಡ ಮಾತು ಏಕೆ ಕೊಟ್ಟೆ?"

"ಅಳಬೇಡವೇ. ನೋಡು, ನನ್ನ ಕಾಲ್ಬೆರಳು ಇಷ್ಟು ಚಂದ ಎಂದಾದರೂ ಇತ್ತೇನು? ಬಸಲಿಂಗಣ್ಣ, ಮಿಕಿಮಿಕಿ ನೋಡುತ್ತ ನಿಲ್ಲುವ ಬದಲು ಏನು ಬೇಕು ಹೇಳು."

ಬಸಲಿಂಗ ಕಣ್ಣೊರೆಸಿಕೊಂಡ. "ಕಲ್ಲು ಹೊಳೆಯ ತಳದಲ್ಲಿದೆ. ನೀನು ಒಳ್ಳೆಯ ಮಾತಾಡಿದ್ದರಿಂದ ಅದಕ್ಕೆ ಗಾರೆ ಹಿಡಿಯುತ್ತದೆ. ಆದರೆ ಮುಳುಗಿ ತೆಗೆಯುವವರು ಈ ದಡದಲ್ಲಿ ಇಲ್ಲ. ಕಮಾನು ಕೂರಿಸಲು ಕೆಳಗೆ ಮರದ ಅಚ್ಚು ಬೇಕು; ಒಣಗಿದ ಮರ ಇಲ್ಲ. ಒಂದೇ ಕಡೆಯಿಂದ ಏಳು ಕಮಾನು ಕಟ್ಟುವ ಹೊತ್ತೂ ಇಲ್ಲ."

ಆಗ ಆಚೆ ದಡದಿಂದ ಒಂದು ಕೂಗು ಬಂದಿತು. ಅದು ಮೀನಗೇರಿ, ಕರಿಕಲ್ಲಿನ ಅರಸನಿಗೆ ಸೇರಿದ ಊರು, ಹಗೆಯವರ ಊರು. ಮೀನು ಮಾರುವ ತಾಯಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಏ ಈಚೆಯವರೇ! ಬಳೆಗಾರ್ತಿ ಕಲ್ಲಾಗುತ್ತಿದ್ದಾಳಂತೆ, ಹೌದೇನು?"

"ಹೌದು! ನಿಮ್ಮ ಮಂತ್ರವಾದಿ ಮಾಡಿದ ಕೆಲಸ!" ಎಂದು ಬಸಲಿಂಗ ಕೂಗಿದ.

"ನಮ್ಮವನು ಎಂದು ಯಾರು ಹೇಳಿದರು? ಮೊನ್ನೆ ನಮ್ಮ ಮನೆಯಲ್ಲಿ ಉಂಡು ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದ! ನಮ್ಮ ಹುಡುಗಿಯರ ಮದುವೆ ಬಂದಿದೆ. ಕೈ ಬರಿದಾಗಿ ಹಸೆಗೆ ಕೂರುತ್ತಾರೇನು? ಏನು ಬೇಕು ಹೇಳಿ!"

"ಮುಳುಗುವವರು ಬೇಕು, ತಾಯಕ್ಕ! ನಿಮ್ಮ ಅರಸ ಕೇಳಿದರೆ ಏನು ಹೇಳುತ್ತೀರಿ?" ಎಂದ ಬಸಲಿಂಗ.

"ಮೀನು ಹಿಡಿಯಲು ಇಳಿದೆವು, ಕಲ್ಲು ಸಿಕ್ಕಿತು ಎನ್ನುತ್ತೇವೆ. ಇದರಲ್ಲಿ ಸುಳ್ಳೇನು ಬಂತು?"

ಮೀನಗೇರಿಯವರು ಹೊಳೆಗೆ ಧುಮುಕಿದರು. ಅವರು ಮುಳುಗಿ ಕಲ್ಲಿಗೆ ಹಗ್ಗ ಬಿಗಿಯುವುದು, ಹದ್ದು ಎತ್ತಿ ದಡಕ್ಕೆ ಇಳಿಸುವುದು, ಕರಡಿ ಸುಣ್ಣ ಬೇಯಿಸುವುದು, ಹೆಂಗಸರು ಬೆಲ್ಲದ ನೀರು ಹಾಕಿ ಗಾರೆ ಅರೆಯುವುದು. ಎರಡು ದಡದಿಂದಲೂ ಸೇತುವೆ ಒಂದರ ಕಡೆಗೆ ಒಂದು ಬೆಳೆಯತೊಡಗಿತು. ಬಾಳವ್ವ ನಿಂತಲ್ಲೇ ನಿಂತು ಇಬ್ಬರ ಮೇಲೂ ದಬಾಯಿಸುತ್ತಿದ್ದಳು. ಕಲ್ಲು ಅವಳ ಮೊಣಕಾಲಿಗೆ ಏರಿತು. ಸೊಂಟಕ್ಕೆ ಏರಿತು.

ಅಚ್ಚಿಗೆ ಮರ ಸಾಲದೆ ಕೆಲಸ ನಿಂತಿತು. ಜನ ತಮ್ಮ ಹೊಸ ಮನೆಗಳ ತೊಲೆಗಳನ್ನು ನೋಡಿದರು, ಆಕಾಶವನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಕಷ್ಟಪಟ್ಟು ಹೊದಿಸಿದ ಮಾಡು.

ಆಗ ಬೀದಿಯಲ್ಲಿ ದರದರ ಸದ್ದು ಕೇಳಿಸಿತು. ಪಟ್ಟಣಶೆಟ್ಟರು ತಮ್ಮ ಮನೆಯ ಮುಂಬಾಗಿಲನ್ನು, ಆನೆ ನವಿಲು ಕೆತ್ತಿದ ತೇಗದ ಜೋಡಿ ಬಾಗಿಲನ್ನು, ತಾವೇ ಎಳೆದುಕೊಂಡು ಬರುತ್ತಿದ್ದರು. ಪೇಟ ಜಾರಿ ಕಿವಿಯ ಮೇಲೆ ಬಿದ್ದಿತ್ತು.

"ಏನು ನೋಡುತ್ತೀರಿ? ಹಿಂದೆ ತೊಲೆಗಳೂ ಇವೆ, ಹೋಗಿ ಬಿಚ್ಚಿ ತನ್ನಿ," ಎಂದರು ಏದುಸಿರು ಬಿಡುತ್ತ. "ಮಳೆ ಬಂದರೆ ನಾವು ನೆನೆಯುತ್ತೇವೆ, ಒರೆಸಿಕೊಳ್ಳುತ್ತೇವೆ. ಅವಳು ಕಲ್ಲಾದರೆ ನೆನೆದದ್ದೂ ತಿಳಿಯುವುದಿಲ್ಲ."

ಆಮೇಲೆ ಒಂದು ಮನೆಯೂ ಹಿಂದೆ ಬೀಳಲಿಲ್ಲ. ಈರವ್ವನ ಮನೆಯ ಮಾಡೊಂದನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅದೇ ಮಾಡಿನ ಕೆಳಗೆ, ನಾಲ್ಕನೆಯ ಕಮಾನಿನ ಕಲ್ಲು ಏರುತ್ತಿದ್ದ ಬೆಳಗಿನಲ್ಲಿ, ಹೆಣ್ಣುಕೂಸು ಹುಟ್ಟಿತು. ಅದರ ಅಳು ಹೊಳೆಯಾಚೆಗೂ ಕೇಳಿಸಿತು.

ಕೆಂಚವ್ವ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಹೊಳೆಯ ದಡಕ್ಕೆ ತಂದಳು. ಕಲ್ಲು ಆಗ ಬಾಳವ್ವನ ಎದೆಗೆ ಬಂದಿತ್ತು; ಬೆರಳುಗಳು ಮರಗಟ್ಟುತ್ತಿದ್ದವು.

"ಬೇಗ ತಾ," ಎಂದಳು ಬಾಳವ್ವ. ಅವಳ ದನಿಯಲ್ಲಿ ಅಂದು ತಮಾಷೆ ಇರಲಿಲ್ಲ. ಮಲಾರದಿಂದ ಎರಡು ಪುಟ್ಟ ಕರಿಬಳೆ ಆರಿಸಿದಳು. ಕೂಸಿನ ಮುಷ್ಟಿಯನ್ನು ಹಿಡಿದು ಮೆಲ್ಲಗೆ ಒತ್ತಿದಳು. ಒಂದು ಕೈಗೆ ಬಳೆ ಏರಿತು. ಇನ್ನೊಂದು ಕೈಗೆ ಏರುವಷ್ಟರಲ್ಲಿ ಅವಳ ಬೆರಳುಗಳು ಕಲ್ಲಾಗಿ ನಿಂತವು. ಕೂಸು ಆ ತಣ್ಣನೆಯ ಬೆರಳನ್ನೇ ಹಿಡಿದುಕೊಂಡು ನಿದ್ದೆ ಹೋಯಿತು. ಕೆಂಚವ್ವ ಮುಖ ತಿರುಗಿಸಿಕೊಂಡಳು.

"ನಿಂತುಕೊಂಡು ಏನು ಮಾಡುತ್ತೀರಿ?" ಎಂದು ಬಸಲಿಂಗ ಅಳುತ್ತ ಎಲ್ಲರನ್ನೂ ಗದರಿಸಿದ. "ಕಲ್ಲು! ಕಲ್ಲು ತನ್ನಿ!"

ಐದನೆಯ ಕಣ್ಣು ತೆರೆಯಿತು. ಆರನೆಯದು ತೆರೆಯಿತು. ಪಡುವಣದಿಂದ ಕಪ್ಪು ಮೋಡ ಏರಿ ಬಂದಿತು. ಕರಡಿ ಬೆಟ್ಟದಂಚಿಗೆ ಓಡಿ ನಿಂತು ಮೋಡದ ಮುಖಕ್ಕೆ ಊದಿತು. ಮೋಡ ಸ್ವಲ್ಪ ಹಿಂದೆ ಸರಿಯಿತು, ಮತ್ತೆ ನುಗ್ಗಿತು. ಏಳನೆಯ ಕಮಾನಿನ ನಡುವೆ ಒಂದೇ ಒಂದು ಕಲ್ಲಿನ ಜಾಗ ಉಳಿದಿತ್ತು. ಅತ್ತಲಿಂದ ಮೀನಗೇರಿಯವರು, ಇತ್ತಲಿಂದ ಏಳುಕಣ್ಣೂರಿನವರು ಬೀಗದ ಕಲ್ಲಿಗೆ ಹಗ್ಗ ಕಟ್ಟಿ ಎಳೆದರು. ಬಾಳವ್ವನಿಗೆ ಕಲ್ಲು ಗದ್ದದವರೆಗೆ ಬಂದಿತ್ತು.

ಆಗ ಮೊದಲ ಹನಿ ಮೋಡದಿಂದ ಕಳಚಿತು.

ಹದ್ದು ಅದನ್ನು ಕಂಡಿತು. ಬಾಣದಂತೆ ಹಾರಿ ಹೋಗಿ ರೆಕ್ಕೆ ಚಾಚಿತು. ಹನಿ ಬಂದು ಗರಿಯ ಮೇಲೆ ಕುಳಿತಿತು. ಹದ್ದು ರೆಕ್ಕೆ ಅಲುಗಿಸದೆ ಗಾಳಿಯಲ್ಲಿ ತೇಲುತ್ತ, "ಮಳೆ ಇನ್ನೂ ನೆಲಕ್ಕೆ ಬಿದ್ದಿಲ್ಲ! ನನ್ನ ಮೇಲಿದೆ! ಬೇಗ ಮಾಡಿ ಮಾರಾಯರೇ, ನನಗೆ ಕಚಗುಳಿಯಾಗುತ್ತಿದೆ!" ಎಂದು ಕೂಗಿತು.

ಬೀಗದ ಕಲ್ಲು ಗೂಡಿಗೆ ಇಳಿಯಿತು. ಬಸಲಿಂಗ ಒಂದು ಪೆಟ್ಟು ಹಾಕಿದ. ತಾಯಕ್ಕ ಸೀರೆ ಎತ್ತಿಕಟ್ಟಿ, ಹಸಿ ಗಾರೆಯ ಮೇಲೆಯೇ ದಡದಿಂದ ದಡಕ್ಕೆ ನಡೆದು ಬಂದಳು. ಬಂದು ಬಾಳವ್ವನ ಕಿವಿಯಲ್ಲಿ ಹೇಳಿದಳು: "ಬಂತು ಕಣೇ, ನಿನ್ನ ಸೇತುವೆ."

ಹದ್ದು ರೆಕ್ಕೆ ಕೊಡವಿತು. ಮಳೆ ಸುರಿಯಿತು. ಮಳೆ ತಾಗಿದಲ್ಲೆಲ್ಲ ಬಾಳವ್ವನ ಮೈಯಿಂದ ಕಲ್ಲು ಇಳಿದುಹೋಯಿತು. ಅವಳು ಮೊದಲು ಮಾಡಿದ ಕೆಲಸವೆಂದರೆ ಗಟ್ಟಿಯಾಗಿ ಸೀನಿದ್ದು. ಎರಡನೆಯ ಕೆಲಸ, ಈರವ್ವನ ಮನೆಗೆ ಓಡಿ ಕೂಸಿನ ಇನ್ನೊಂದು ಕೈಗೆ ಬಳೆ ಏರಿಸಿದ್ದು.

ಮುರುಕನಾಥ ಬೆಟ್ಟದಿಂದ ಧಾವಿಸಿ ಬಂದ. ನೆನೆದ ಗಡ್ಡ ಕಾಲಿಗೆ ತೊಡರುತ್ತಿತ್ತು. ಸೇತುವೆ ನಿಂತಿತ್ತು. ಜನ ನಿಂತಿದ್ದರು. ಮನೆಗಳ ಮೇಲೆ ಮಾಡು ಇಲ್ಲದಿದ್ದರೂ ಯಾರ ಮುಖದಲ್ಲೂ ಊರು ಬಿಡುವ ಲಕ್ಷಣವಿರಲಿಲ್ಲ. ಕೂಸನ್ನು ಎದೆಗವಚಿಕೊಂಡು ಬಾಳವ್ವನೇ ಎದುರು ಬಂದಳು. ಹಗೆಯಾದರೇನು, ಊರಿಗೆ ಬಂದವನನ್ನು ಮಾತಾಡಿಸದಿರುವುದು ಅವಳಿಗೆ ತಿಳಿಯದು.

"ಬನ್ನಿ, ಬನ್ನಿ. ಪೂರ್ತಿ ನೆನೆದಿದ್ದೀರಿ. ಒಲೆಯ ಹತ್ತಿರ ಕುಳಿತುಕೊಳ್ಳಿ. ಕೆಂಚವ್ವಾ, ಇವರಿಗೆ ತಲೆ ಒರೆಸಲು ಒಂದು ವಸ್ತ್ರ ಕೊಡು. ಬಿಸಿ ಗಂಜಿ ಕುಡಿಯುತ್ತೀರೋ, ಮಜ್ಜಿಗೆ ಕೊಡಲೋ?"

"ನಿನ್ನ ಗಂಜಿ ಬೇಡ! ಮಜ್ಜಿಗೆ ಬೇಡ!" ಮುರುಕನಾಥ ನೆಲಕ್ಕೆ ಕಾಲು ಅಪ್ಪಳಿಸಿದ. "ನಿಮ್ಮ ಮುಖ ನೋಡಿದ್ದು ಸಾಕು! ನಾನು ಹೋಗುತ್ತೇನೆ!"

ಕೆಂಚವ್ವನ ಕೈಯ ಸೌಟು ಅಲ್ಲೇ ನಿಂತಿತು. ಎಂಥ ಕೋಪದಲ್ಲೂ ಹೊಸ್ತಿಲು ದಾಟುವವರು ಹೋಗಿ ಬರುತ್ತೇನೆ ಎನ್ನುತ್ತಾರೆ. ತೊಟ್ಟಿಲಿನಿಂದ ಇಳಿದ ಮಗುವಿಗೂ ಅದು ಗೊತ್ತು. ಮುರುಕನಾಥನಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ಆ ಮಣ್ಣಿನ ಮೇಲೆ ಆಡಿದ ಮಾತು ಆಡಿದಂತೆಯೇ ನಿಲ್ಲಬೇಕೆಂದು ಕಟ್ಟು ಮಾಡಿದವನೂ ಅವನೇ.

ಮೊದಲು ಅವನ ಪಾದಗಳು ಹೋದವು. ಆಮೇಲೆ ಮೊಣಕಾಲು ಹೋಯಿತು. ಅವನಿಗೆ ತಪ್ಪು ಹೊಳೆಯಿತು. "ಬ... ಬರು..." ಎಂದು ತೊದಲಿದ. ಅಷ್ಟರಲ್ಲಿ ಬಾಯಿಯೇ ಹೋಯಿತು. ಕೊನೆಗೆ ಉಳಿದದ್ದು ಬಾಚದ ಗಡ್ಡ. ಅದೂ ಗಾಳಿಯಲ್ಲಿ ಒಂದು ಸುತ್ತು ಸುತ್ತಿ ಹೋಯಿತು.

ಅವನೊಂದಿಗೆ ಅವನ ಕಟ್ಟುಗಳೂ ಹರಿದವು. ಬಿದ್ದ ಛತ್ರದ ಕಲ್ಲಿಗೆ ಗಾರೆ ಹಿಡಿಯಿತು. ಎಣ್ಣೆಗಾಣದ ಶಿವಪೂಜಪ್ಪ ಕೋಲು ಬೀಸಿ, "ನಡೆಯೋ ಆಚೆ!" ಎಂಬ ಮಾತನ್ನು ಮುಗಿಸಿ, ಯಾರನ್ನೂ ಕಾಣದೆ ಸುತ್ತ ನೋಡಿದ. "ಯಾರ ಮೇಲೆ ಕೂಗಾಡುತ್ತೀರಿ? ಬನ್ನಿ, ಮಾಡಿಗೆ ಹುಲ್ಲು ಹೊದಿಸಬೇಕು," ಎಂದು ಅವನ ಹೆಂಡತಿ ಕೈ ಹಿಡಿದು ಎಳೆದುಕೊಂಡು ಹೋದಳು, ಆಮೇಲೆ ಬಹಳ ಹೊತ್ತು ಆ ಕೈ ಬಿಡಲಿಲ್ಲ.

ಮಂತ್ರವಾದಿ ಇಲ್ಲದ ಕರಿಕಲ್ಲಿನ ಅರಸನಿಗೆ ಕಾಳಗದ ಧೈರ್ಯ ಉಳಿಯಲಿಲ್ಲ. ಅವನು ಸಂಧಿ ಬೇಡಿದ. ನೇಸರನಾಡಿನ ಅರಸರು ದಂಡಿನೊಡನೆ ಹಿಂದಿರುಗಿದರು. ಹೊಸ ಸೇತುವೆಯನ್ನು ಕಂಡು ಅವರು ಪಟ್ಟಣಶೆಟ್ಟರನ್ನು ಕರೆದರು.

"ಇದನ್ನು ಕಟ್ಟಿಸಿದವರು ಯಾರು, ಶೆಟ್ಟರೇ? ಅವರ ಹೆಸರು ಕಲ್ಲಿನಲ್ಲಿ ಕೆತ್ತಿಸೋಣ."

"ಕಟ್ಟಿಸಿದವರು ಯಾರೂ ಇಲ್ಲ, ಪ್ರಭು. ಕಟ್ಟಿದವರು ಇದ್ದಾರೆ," ಎಂದರು ಶೆಟ್ಟರು. "ಅವರೆಲ್ಲರ ಹೆಸರು ಕೆತ್ತಬೇಕಾದರೆ ಇನ್ನೊಂದು ಸೇತುವೆಯೇ ಬೇಕು. ಅದರ ಬದಲು ದಂಡಿನವರನ್ನು ಮುಯ್ಯಾಳಿಗೆ ಬಿಡಿ. ನಮ್ಮ ಮನೆಗೆ ಬಾಗಿಲಿಲ್ಲ."

ಅರಸರು ನಕ್ಕು, ಕುದುರೆಯಿಂದ ಇಳಿದು, ತಾವೇ ಒಂದು ತೊಲೆಗೆ ಹೆಗಲು ಕೊಟ್ಟರು. ಈರವ್ವನ ಗಂಡ ಬಿಲ್ಲನ್ನು ಮೂಲೆಗಿಟ್ಟು ಮಗಳನ್ನು ಎತ್ತಿಕೊಂಡ. ಮನೆಗಳು ಮತ್ತೆ ಮಾಡು ಹೊದ್ದವು. ಛತ್ರ ಎದ್ದಿತು. ಮೀನಗೇರಿಯ ಮದುವೆಗೆ ಬಾಳವ್ವ ಮಲಾರ ಹೊತ್ತು ಏಳು ಕಣ್ಣುಗಳನ್ನೂ ದಾಟಿ ಹೋಗಿ ಹಸಿರು ಬಳೆ ತೊಡಿಸಿ, ಹೋಳಿಗೆ ಉಂಡು, ತಟ್ಟೆಯ ಆಚೆಗೆ ಕೈ ತೊಳೆದು ಬಂದಳು.

ಆಚೆ ದಡದವರು ಆಚೆ ಸುಖವಾಗಿದ್ದರು, ಈಚೆ ದಡದವರು ಈಚೆ ಸುಖವಾಗಿದ್ದರು. ನಡುವೆ ಸೇತುವೆ ಇದ್ದುದರಿಂದ ಎರಡು ಸುಖಗಳೂ ದಿನಾ ಹೋಗಿ ಬಂದು ಮಾಡುತ್ತಿದ್ದವು.